ಆರಾಮ ಅದೀನ್ರಿ

ನಮ್ಮ ಗದಗ ಜಿಲ್ಲೆಯ ಕಡೆ ಎದುರಿಗೆ ಸಿಕ್ಕವರು ಮೊದಲು ಕೇಳೋದು "ಆರಾಮ ಅದೀರಿ?" ಅಂತ. ಅದಕ್ಕೆ ಇರೋದು ಒಂದೇ ಉತ್ತರ, "ಆರಾಮ ಅದೀನ್ರಿ". ಮಳೆ ಬಾರದೆ ಹೆಸರು ಒಣಗಿರಲಿ, ಬ್ಯಾಂಕಿನಿಂದ ನೋಟೀಸು ಬಂದಿರಲಿ, ಮನೆಯಲ್ಲಿ ನಾಲ್ಕು ದಿನದಿಂದ ಜ್ವರ ಇರಲಿ, ಉತ್ತರ ಬದಲಾಗೋದಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಆಫೀಸಿನವರ "ಹೌ ಆರ್ ಯೂ" ಕೂಡ ಇದೇ ಜಾತಿಯದು ಅಂತ ತಿಳಿದು ನನಗೆ ಸಮಾಧಾನ ಆಗಿತ್ತು :-) ಆದರೆ ಇದೇ ಎರಡು ಶಬ್ದ ನಮ್ಮ ಮಾವನ ಒಂದು ವರ್ಷದ ಪಿಂಚಣಿ ನುಂಗಿ ನೀರು ಕುಡಿದವು. ಅದನ್ನು ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ತಾ ಇದ್ದೆ. ನಿಮ್ಮಲ್ಲಿ ಯಾರ ಮನೆಗಾದರೂ ಉಪಯೋಗಕ್ಕೆ ಬಂದೀತು.

ಮಾವ ಅಂದರೆ ಅವ್ವನ ತಮ್ಮ. ನಮ್ಮದು ನರಗುಂದ, ಅವರದು ಗಜೇಂದ್ರಗಡ. ನೇಕಾರರು. ನಾನು ಸಣ್ಣವನಿದ್ದಾಗ ಸೂಟಿಗೆ ಹೋದರೆ ಬೆಳಗ್ಗೆ ಎಚ್ಚರ ಆಗ್ತಾ ಇದ್ದದ್ದೇ ಮಗ್ಗದ ಸಪ್ಪಳಕ್ಕೆ. 2008ರಲ್ಲಿ ಆ ಸಪ್ಪಳದ ಲಯ ತಪ್ಪಿತು. ಮಾವ ನೇಯುತ್ತಾ ನೇಯುತ್ತಾ ನಿಲ್ಲಿಸಿ, ಗೋಡೆ ಕಡೆ ತಿರುಗಿ ಯಾರಿಗೋ ಉತ್ತರ ಕೊಡೋರು. ಆಮೇಲೆ ಹಾಸಿನ ಎಳೆಗಳ ಮೂಲಕ ತನ್ನ ವಿಚಾರಗಳನ್ನು ಯಾರೋ ಎಳೀತಿದಾರೆ ಅನ್ನೋಕೆ ಶುರು ಮಾಡಿದರು. ದೇವರು, ದಿಂಡರು, ನಿಂಬೆಹಣ್ಣು, ತಾಯತ ಎಲ್ಲಾ ಮುಗಿದ ಮೇಲೆ ಧಾರವಾಡ.

ನಮ್ಮ ಕಡೆಯವರಿಗೆ ಗೊತ್ತು, "ಇವನನ್ನ ಧಾರವಾಡಕ್ಕ ಕಳಸಬೇಕು" ಅನ್ನೋದು ಎಂಥ ಬೈಗುಳ ಅಂತ. ಅಲ್ಲಿಯ ಮಾನಸಿಕ ಆಸ್ಪತ್ರೆ 1845ರಿಂದ ಇದೆ, ಈಗಿನ ಹೆಸರು ಡಿಮ್ಹಾನ್ಸ್. ಬೈಗುಳವಾಗಿ ಬಳಸೋ ಊರಿಗೆ ನಿಜವಾಗಿಯೂ ಬಸ್ಸು ಹತ್ತಬೇಕಾದರೆ ಮನೆಯವರಿಗೆ ಏನಾಗುತ್ತೆ ಅಂತ ಅವತ್ತು ಅತ್ತೆಯ ಮುಖ ನೋಡಿದವರಿಗೇ ಗೊತ್ತು. ಅಕ್ಕಪಕ್ಕದವರಿಗೆ ಹೇಳಿದ್ದು "ಹುಬ್ಬಳ್ಳಿಗೆ, ಹೊಟ್ಟಿಬ್ಯಾನಿ ತೋರಸಾಕ" ಅಂತ. ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ. ಗುಳಿಗೆ ಹಿಡಿಸಿತು. ಧ್ವನಿಗಳು ದೂರ ಹೋದವು. ಆದರೆ ಅವುಗಳ ಜೊತೆ ಇನ್ನೂ ಏನೇನೋ ಹೋಯಿತು. ಕೆಲಸ ಶುರು ಮಾಡೋ ಮನಸ್ಸು, ಶುರು ಮಾಡಿದ್ದನ್ನು ಮುಗಿಸೋ ತಾಳ್ಮೆ, ಮದುವೆ ಮುಂಜಿಗೆ ಹೋಗೋ ಹುಮ್ಮಸ್ಸು. ಎರಡು ಮೂರು ವರ್ಷದಲ್ಲಿ ಮಗ್ಗ ನಿಂತಿತು. ಅತ್ತೆ ಬೇರೆಯವರ ಮನೆಯಲ್ಲಿ ಕಂಡಿಕೆ ಸುತ್ತೋಕೆ ಹೋಗತೊಡಗಿದಳು.

ವಿಕಲಚೇತನರ ಸರ್ಟಿಫಿಕೇಟು ಇಂಥ ಕಾಯಿಲೆಗೂ ಸಿಗುತ್ತೆ ಅನ್ನೋದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೈಕಾಲು ಕಣ್ಣು ಕಿವಿಗೆ ಮಾತ್ರ ಅಂತ ತಿಳಿದಿದ್ದರು. ನಿಜ ಹೇಳಬೇಕೆಂದರೆ 1995ರ ಕಾಯಿದೆಯಲ್ಲೇ ಮಾನಸಿಕ ಕಾಯಿಲೆ ಸೇರಿತ್ತು, 2016ರ ಹೊಸ ಕಾಯಿದೆಯ 21 ವೈಕಲ್ಯಗಳಲ್ಲೂ ಇದೆ. ರೋಣದ ತಾಲ್ಲೂಕು ಪಂಚಾಯಿತಿಯಲ್ಲಿ ಕೂಡೋ ಪುನರ್ವಸತಿ ಕಾರ್ಯಕರ್ತರೊಬ್ಬರು (ಎಂ.ಆರ್.ಡಬ್ಲ್ಯೂ. ಅಂತಾರೆ) ಇದನ್ನು ಹೇಳಿದ್ದು. ಗಜೇಂದ್ರಗಡ ಮೊದಲು ರೋಣ ತಾಲ್ಲೂಕಿನಲ್ಲೇ ಇತ್ತಲ್ಲ, ಊರಿನವರಿಗೆ ರೋಣಕ್ಕೆ ಹೋಗಿ ಕೇಳೋ ರೂಢಿ ಇನ್ನೂ ಬಿಟ್ಟಿಲ್ಲ. ಶೇಕಡಾ 40 ಅಥವಾ ಮೇಲೆ ಬಂದರೆ ತಿಂಗಳಿಗೆ 800 ರೂಪಾಯಿ ಪಿಂಚಣಿ. ಅದು 600 ಇದ್ದದ್ದು, 2021ರ ಜುಲೈನಲ್ಲಿ ಬೊಮ್ಮಾಯಿಯವರು ಮುಖ್ಯಮಂತ್ರಿ ಆದ ದಿನ 800 ಅಂತ ಘೋಷಿಸಿದ್ದು. ಎಂಟುನೂರು ಯಾವ ಮಹಾ ಅಂತೀರಾ? ನನ್ನ ಒಂದು ಶನಿವಾರದ ಊಟದ ಬಿಲ್ಲು. ಅತ್ತೆಗೆ ಅದು ಎಷ್ಟು ಕಂಡಿಕೆ ಅಂತ ಲೆಕ್ಕ ಹಾಕಿ ನೋಡಿದೆ, ಆಮೇಲೆ ಎರಡು ದಿನ ಹೊರಗೆ ಊಟ ಸೇರಲಿಲ್ಲ.

2022ರ ಆಗಸ್ಟಿನಲ್ಲಿ ಪರೀಕ್ಷೆಗೆ ಕರೆದರು. ಎಲ್ಲಿ, ಯಾವ ಆಸ್ಪತ್ರೆ ಅನ್ನೋದು ಇಲ್ಲಿ ಬೇಡ. ಅವತ್ತು ಅಲ್ಲಿ ಸೇರಿದ್ದ ಜನ ನೋಡಿದರೆ ಯಾರು ಕೂತಿದ್ದರೂ ಇದೇ ಆಗ್ತಿತ್ತೇನೋ. ಡಾಕ್ಟರು ಕೆಟ್ಟವರಲ್ಲ, ಒಬ್ಬೊಬ್ಬರಿಗೆ ಐದು ನಿಮಿಷವೂ ಕೊಡೋ ಸ್ಥಿತಿ ಇರಲಿಲ್ಲ ಅಷ್ಟೇ. ನಾನು ರಜೆ ಹಾಕಿ ಹೋಗಿದ್ದೆ. ಅತ್ತೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಮಾವನನ್ನು ಎಬ್ಬಿಸಿ, ನೀರು ಕಾಸಿ, ಗಡ್ಡ ತೆಗೆಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ ಕರೆತಂದಿದ್ದಳು. ದೊಡ್ಡವರ ಮುಂದೆ ಹೋಗೋದಲ್ವಾ?

"ಆರಾಮ ಅದೀರಿ?"

"ಆರಾಮ ಅದೀನ್ರಿ."

"ಗುಳಿಗಿ ತಗೋತೀರಿ?"

"ಹೂನ್ರಿ."

"ಝಳಕಾ, ಊಟ ಎಲ್ಲಾ ನೀವ ಮಾಡ್ತೀರಿ?"

"ಹೂನ್ರಿ, ನಾನ ಮಾಡ್ತೀನ್ರಿ."

"ಏನ್ ಕೆಲಸ?"

"ನೇಕಾರ್ರಿ."

ಒಂದೂ ಸುಳ್ಳಲ್ಲ ನೋಡಿ. ಮಗ್ಗ ನಿಂತು ಹತ್ತು ವರ್ಷ ಆದರೂ ನೇಕಾರ ನೇಕಾರನೇ. ಕೇಳಿದವರಿಗೆ ಅದು ಕೆಲಸ, ಹೇಳಿದವರಿಗೆ ಅದು ಕುಲ, ಹೆಸರು, ಎಲ್ಲಾ. ಅತ್ತೆ ಬಾಯಿ ತೆಗೆಯೋ ಹೊತ್ತಿಗೆ ಮುಂದಿನ ಹೆಸರು ಕೂಗಿ ಆಗಿತ್ತು. ಬಂದ ಸರ್ಟಿಫಿಕೇಟಿನಲ್ಲಿ ಶೇಕಡಾ 35. ಪಿಂಚಣಿ ಇಲ್ಲ.

ಮನೆಯವರೆಲ್ಲ "ಹೋಗ್ಲಿ ಬಿಡು, ನಮ್ಮ ನಸೀಬ" ಅಂದರು. ಅವ್ವ ಒಬ್ಬಳು ಬಿಡಲಿಲ್ಲ. ನರಗುಂದದವಳು ನೋಡಿ! ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕಾಗದದ ಮೇಲೆ ನೀರಾವರಿ ಅಂತ ಬರೆದು ಮಲಪ್ರಭೆಯ ಬೆಟರ್‌ಮೆಂಟ್ ಲೆವಿ ಕೇಳಿದ್ದಕ್ಕೇ 1980ರ ಜುಲೈ 21ರಂದು ನಮ್ಮೂರಿನಲ್ಲಿ ಅಷ್ಟು ದೊಡ್ಡ ಗಲಾಟೆ, ಗೋಲಿಬಾರು ಆದದ್ದು. "ಕಾಗದದಾಗ ಬರದದ್ದೆಲ್ಲಾ ಖರೆ ಏನ?" ಅಂತ ಕೇಳಿದಳು. ನನಗೂ ಒಂದು ವಿಷಯ ಕೊರೀತಿತ್ತು. 35 ಅನ್ನೋದು ಔಟ್‌ಪುಟ್. ಇನ್‌ಪುಟ್ ಏನು? ಲಾಗ್ ಫೈಲ್ ನೋಡದೆ ಬಗ್ ಯಾವುದು ಅಂತ ಹೇಗೆ ಹೇಳೋದು?

ಮಾನಸಿಕ ಕಾಯಿಲೆಗೆ ಅಂತ ಒಂದು ಅಳತೆಗೋಲು ಇದೆ, ಹೆಸರು 'ಐಡಿಯಾಸ್'. ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯವರು ಮಾಡಿದ್ದು, 2002ರಲ್ಲಿ ಸರ್ಕಾರ ಒಪ್ಪಿಕೊಂಡಿತು, 2018ರ ಜನವರಿ 4ರ ಮಾರ್ಗಸೂಚಿಯಲ್ಲೂ ಅದೇ ಉಳಿಯಿತು. ಮಾವನ ಪರೀಕ್ಷೆ ಆದದ್ದು ಇದರ ಪ್ರಕಾರ. ನಾಲ್ಕು ವಿಷಯ ನೋಡ್ತಾರೆ: ತನ್ನ ಆರೈಕೆ ತಾನು ಮಾಡಿಕೊಳ್ಳೋದು, ಜನರ ಜೊತೆ ಒಡನಾಟ, ಮಾತು ಮತ್ತು ತಿಳುವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4. ಇದರ ಮೇಲೆ ಕಾಯಿಲೆ ಎಷ್ಟು ವರ್ಷದ್ದು ಅಂತ ಇನ್ನೊಂದು ಅಂಕ. ಎರಡು ವರ್ಷದ ಒಳಗಿದ್ದರೆ 1, ಎರಡರಿಂದ ಐದಕ್ಕೆ 2, ಆರರಿಂದ ಹತ್ತಕ್ಕೆ 3, ಹತ್ತು ದಾಟಿದರೆ 4. ಒಟ್ಟು 20. ಮೊತ್ತ 6 ಅಥವಾ ಕಡಿಮೆ ಬಂದರೆ ಶೇಕಡಾ 40ರ ಒಳಗೆ, 7ರಿಂದ 13 ಬಂದರೆ 40ರಿಂದ 70. ಅಂದರೆ 6ಕ್ಕೂ 7ಕ್ಕೂ ನಡುವೆ ಒಂದು ಗೋಡೆ. ಇಫ್-ಎಲ್ಸ್ ಬರೆದು ಹೊಟ್ಟೆ ಹೊರೆಯೋ ನನಗೆ ಇದು ತಕ್ಷಣ ಅರ್ಥವಾಯಿತು, ಹೊಟ್ಟೆ ಉರೀತು ಕೂಡ.

ಮಾಹಿತಿ ಹಕ್ಕಿನಲ್ಲಿ ಅಂಕದ ಹಾಳೆಯ ಪ್ರತಿ ಕೇಳಿದೆವು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. (ಕರ್ನಾಟಕದಲ್ಲಿ ಅರ್ಜಿ 150 ಶಬ್ದ ಮೀರಬಾರದು, ಒಂದೇ ವಿಷಯ ಇರಬೇಕು ಅಂತ 2008ರಲ್ಲೇ ನಿಯಮ ಮಾಡಿದಾರೆ. ನಿಮಗೂ ಬೇಕಾದೀತು, ನೆನಪಿಟ್ಟುಕೊಳ್ಳಿ.) ತಿಂಗಳ ಒಳಗೆ ಪ್ರತಿ ಬಂತು. ಸ್ವಂತ ಆರೈಕೆ 0, ಒಡನಾಟ 1, ಮಾತು 1, ಕೆಲಸ 2. ಕಾಯಿಲೆಯ ಅವಧಿ 2. ಒಟ್ಟು 6.

ಅವಧಿಗೆ ಎರಡು ಯಾಕೆ? ಆ ಆಸ್ಪತ್ರೆಯಲ್ಲಿ ಮಾವನ ಫೈಲು ಶುರುವಾದದ್ದು 2018ರಲ್ಲಿ. ನಾಲ್ಕು ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಕಾಯಿಲೆ 2008ರದ್ದು, ಹದಿನಾಲ್ಕು ವರ್ಷ. ಬೇರೆ ಏನೂ ಮುಟ್ಟದೆ ಇದೊಂದನ್ನು ಸರಿ ಮಾಡಿದರೂ 8 ಆಗುತ್ತೆ, ಗೋಡೆ ದಾಟುತ್ತೆ. ಅತ್ತೆಗೆ ಫೋನು ಮಾಡಿ "ಧಾರವಾಡದ ಚೀಟಿ ಅದಾವೇನು?" ಅಂತ ಕೇಳಿದೆ. ಅವಳು ಒಂದನ್ನೂ ಬಿಸಾಕಿರಲಿಲ್ಲ. ಸೀರೆ ಡಬ್ಬಿಯಲ್ಲಿ 2008ರಿಂದ ಇತ್ತೀಚಿನವರೆಗೆ ಎಲ್ಲಾ ಚೀಟಿ, ಕೆಲವು ಇಲಿ ಕಡಿದದ್ದು, ಕೆಲವು ಅಕ್ಷರ ಮಾಸಿದ್ದು. ಮೊದಲನೆಯದರ ಮೇಲೆ ತಾರೀಖಿನ ಮುದ್ರೆ ಗಟ್ಟಿಯಾಗಿ ಕೂತಿತ್ತು.

ಕಾಯಿದೆಯ 59ನೇ ಕಲಂ ಪ್ರಕಾರ ಸರ್ಟಿಫಿಕೇಟು ಕೊಟ್ಟವರ ತೀರ್ಮಾನ ಒಪ್ಪಿಗೆಯಿಲ್ಲದಿದ್ದರೆ, ರಾಜ್ಯ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಮುದ್ರೆಯ ಜೆರಾಕ್ಸ್ ಹಚ್ಚಿ ಎರಡು ಸಾಲು ಬರೆದರೂ ಸಾಕಾಗ್ತಿತ್ತೇನೋ. ಆದರೆ ಆ ಸ್ವಂತ ಆರೈಕೆಯ ಸೊನ್ನೆ ನನ್ನ ಕಣ್ಣಿಗೆ ಚುಚ್ಚುತ್ತಾ ಇತ್ತು. ಆ ಸೊನ್ನೆಯ ಹಿಂದೆ ಅತ್ತೆಯ ಹದಿನಾಲ್ಕು ವರ್ಷ ಇದೆ.

ಬ್ರಿಟನ್ನಿನಲ್ಲಿ 'ಪಿಪ್' ಅನ್ನೋ ಭತ್ಯೆ ಇದೆ, ಅಲ್ಲೂ ಹೀಗೇ ಅಂಕ. ಆ ನಿಯಮದಲ್ಲಿ ಒಂದು ಮಾತು ಇದೆ. ಒಂದು ಕೆಲಸವನ್ನು ಒಬ್ಬ 'ಮಾಡಬಲ್ಲ' ಅನ್ನಬೇಕಾದರೆ ಅಪಾಯವಿಲ್ಲದೆ, ತಕ್ಕಮಟ್ಟಿಗೆ ಸರಿಯಾಗಿ, ಮತ್ತೆ ಮತ್ತೆ, ಸರಿಯಾದ ಸಮಯದೊಳಗೆ ಮಾಡಬೇಕು. ಅದೂ ಅರ್ಧಕ್ಕಿಂತ ಹೆಚ್ಚು ದಿನ. ಅಲ್ಲಿ ಎಲ್ಲಾ ಚೆನ್ನಾಗಿದೆ ಅಂತಲ್ಲ. ಓಡಾಟದ ಅಂಕ ಕೊಡುವಾಗ ಮಾನಸಿಕ ತೊಳಲಾಟವನ್ನು ಲೆಕ್ಕಕ್ಕೆ ತಗೋಬೇಡಿ ಅಂತ ಸರ್ಕಾರ ತಂದ ತಿದ್ದುಪಡಿಯನ್ನು, ಅದು ತಾರತಮ್ಯ ಅಂತ ಹೇಳಿ 2017ರ ಡಿಸೆಂಬರ್ 21ರಂದು ಹೈಕೋರ್ಟು ಹೊಡೆದುಹಾಕಬೇಕಾಯಿತು. ಆದರೂ ಆ 'ಮತ್ತೆ ಮತ್ತೆ' ಅನ್ನೋ ಶಬ್ದ ನನಗೆ ಹಿಡಿಸಿತು. ಮಾವ ಝಳಕ ಮಾಡ್ತಾರಾ? ಮಾಡ್ತಾರೆ. ಅತ್ತೆ ಮೂರು ಸಲ ಹೇಳಿ, ಬಚ್ಚಲಿಗೆ ನೀರು ಇಟ್ಟು, ಬಾಗಿಲಲ್ಲಿ ನಿಂತರೆ. ಅವಳು ತವರಿಗೆ ಹೋದ ಒಂಬತ್ತು ದಿನ ಅದೇ ಅಂಗಿ. ಗುಳಿಗೆ ತಗೋತಾರಾ? ಅವಳು ಅಂಗೈಯಲ್ಲಿ ಇಟ್ಟು, ನುಂಗಿದ್ದು ನೋಡಿದರೆ. ಐಡಿಯಾಸ್‌ನಲ್ಲೂ ಜೊತೆಗಿರುವವರನ್ನು ಕೇಳಿಯೇ ಅಂಕ ಹಾಕಬೇಕು ಅಂತಿದೆ. ಅತ್ತೆಯನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಇದನ್ನೆಲ್ಲಾ ಬರೆಯೋದು ಅಂತಾಯಿತು. ಕಷ್ಟ ಶುರುವಾದದ್ದು ಇಲ್ಲೇ. ಹದಿನಾಲ್ಕು ವರ್ಷ ಆ ಹೆಣ್ಣುಮಗಳು ಊರಿಗೆಲ್ಲಾ "ನಮ್ಮನಿಯವ್ರು ಆರಾಮ ಅದಾರ" ಅಂತ ಹೇಳಿಕೊಂಡು ಮಾನ ಕಾಪಾಡಿದವಳು. ಈಗ ಸರ್ಕಾರಕ್ಕೆ, ಸಹಿ ಹಾಕಿ, ಆರಾಮ ಇಲ್ಲ ಅಂತ ಬರೆದುಕೊಡಬೇಕು. "ಹಿಂಗ ಬರದ್ರ ಅವರ ಮರ್ಯಾದಿ ಏನ್ ಉಳೀತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬರೆಯೋದನ್ನು ಮೂರು ದಿನ ನಿಲ್ಲಿಸಿದೆವು. ಆಮೇಲೆ ಅವಳೇ ಹೇಳಿದಳು, "ಅವರನ್ನ ಕೇಳ್ರಿ. ಅವರ ಬಗ್ಗೆ ಬರಿಯೂದು, ಅವರ ಕಡಿಂದನ ಓದಸ್ರಿ."

ಮಾವ ಏಳನೇ ಇಯತ್ತೆ ಓದಿದವರು. ಎರಡು ಹಾಳೆಯನ್ನು ಅರ್ಧ ತಾಸು ಓದಿದರು. ಬೆರಳಿಟ್ಟುಕೊಂಡು, ಸಾಲು ಸಾಲು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. "ಖರೆ ಅದ," ಅಂದರು. ಆಮೇಲೆ ಒಂದು ಕಡೆ ಬೆರಳು ಇಟ್ಟು, "ಇಲ್ಲೆ ಝಳಕಾ ನಾನ ಮಾಡ್ತೀನಿ ಅಂತ ಹಾಕ್ರಿ. ನೀರ ಇಡೂದು ಅಕಿ. ಮಾಡೂದು ನಾ." ಹಾಗೇ ಹಾಕಿದೆವು. ನನ್ನ ಪ್ರಕಾರ ಇಡೀ ಅರ್ಜಿಯಲ್ಲಿ ಅದರಷ್ಟು ಕರಾರುವಾಕ್ಕಾದ ಸಾಲು ಇನ್ನೊಂದಿಲ್ಲ. ಎಷ್ಟು ಸಹಾಯ, ಎಲ್ಲಿಯ ತನಕ, ಎಲ್ಲಿಂದ ಅವರ ಕೆಲಸ ಅನ್ನೋದೆಲ್ಲಾ ಅದರಲ್ಲಿತ್ತು.

ನವೆಂಬರಿನಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದು. ಅರ್ಜಿಯಲ್ಲಿ ದೆಹಲಿ ಹೈಕೋರ್ಟಿನ 2020ರ ಮೇ 8ರ ಒಂದು ತೀರ್ಪನ್ನೂ ಹೆಸರಿಸಿದ್ದೆ. ನ್ಯಾಯಾಂಗ ಸೇವೆಯ ಪರೀಕ್ಷೆ ಪಾಸಾದ, ಬೈಪೋಲಾರ್ ಕಾಯಿಲೆ ಇದ್ದ ಅಭ್ಯರ್ಥಿಗೆ ನಿಮ್ಮ ವೈಕಲ್ಯ ಶಾಶ್ವತದ್ದಲ್ಲ ಅಂತ ಮೀಸಲು ಹುದ್ದೆ ನಿರಾಕರಿಸಿದ್ದರು. ಅವರು ಕೋರ್ಟಿಗೆ ಹೋಗಿ ಗೆದ್ದರು. ಗಜೇಂದ್ರಗಡದ ನೇಕಾರನಿಗೂ ದೆಹಲಿಯ ಜಡ್ಜಿಗೂ ಎಲ್ಲಿಯ ಸಂಬಂಧ ಅಂತ ಗೆಳೆಯನೊಬ್ಬ ನಕ್ಕ. ಸಂಬಂಧ ಇದೆ. ಗುಳಿಗೆಯಿಂದ ಹತೋಟಿಯಲ್ಲಿರೋ ಕಾಯಿಲೆಯನ್ನು ಇಲ್ಲ ಅಂತ ಲೆಕ್ಕ ಹಾಕಬಹುದೇ ಅನ್ನೋ ಪ್ರಶ್ನೆ ಇಬ್ಬರದ್ದೂ.

2023ರ ಮಾರ್ಚಿನಲ್ಲಿ ಬೇರೆ ಬೋರ್ಡಿನ ಮುಂದೆ ಮರುಪರೀಕ್ಷೆ. ಈ ಸಲ ಅತ್ತೆಯನ್ನು ಹೊರಗೆ ಕೂಡಿಸಲಿಲ್ಲ. ಮಾವ ಅವತ್ತೂ ಅದೇ ಬಿಳಿ ಅಂಗಿ ಹಾಕಿಕೊಂಡೇ ಬಂದಿದ್ದರು. ಗಡ್ಡ ಬಿಟ್ಟು, ಮಾಸಿದ ಬಟ್ಟೆಯಲ್ಲಿ ಕರಕೊಂಡು ಬಾ ಅಂತ ಸಲಹೆ ಕೊಟ್ಟವರು ಬಹಳ ಜನ, ಅತ್ತೆ ಕೇಳಲಿಲ್ಲ. ಡಾಕ್ಟರು "ಅಂಗಿಗೆ ಇಸ್ತ್ರಿ ಯಾರು ಮಾಡಿದ್ರಿ?" ಅಂತ ಕೇಳಿದರು. ಅಲ್ಲಿಂದ ಮಾತು ಬೆಳೀತು. ಇಪ್ಪತ್ತು ನಿಮಿಷ. ಸ್ವಂತ ಆರೈಕೆ 1, ಒಡನಾಟ 2, ಮಾತು 1, ಕೆಲಸ 3, ಅವಧಿ 4. ಒಟ್ಟು 11. ಶೇಕಡಾ 60.

ಪಿಂಚಣಿ ಮಂಜೂರಾಗಿ ಕೈಗೆ ಬರೋಕೆ ಆಗಸ್ಟ್ ಆಯಿತು. ಹಿಂದಿನ ತಿಂಗಳುಗಳದ್ದು ಸಿಗಲಿಲ್ಲ, ಕೇಳಿದರೆ ಅರ್ಜಿ ಹಾಕಿದ ಮೇಲಿನದಷ್ಟೇ ಅಂದರು. ಅಷ್ಟರಲ್ಲಿ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಅತ್ತೆಗೆ ಬಸ್ಸು ಪುಕ್ಕಟೆ ಆಗಿತ್ತು. ಮಾವನಿಗೆ ಈ ಕಾರ್ಡಿನ ಮೇಲೆ ರಿಯಾಯಿತಿ ಪಾಸು ಮಾಡಿಸಿದೆವು. ಈಗ ಗುಳಿಗೆ ತರೋಕೆ ಇಬ್ಬರೂ ಕೂಡಿಯೇ ಹೋಗ್ತಾರೆ. ಮೊದಲು ಟಿಕೆಟ್ಟಿನ ದುಡ್ಡು ಉಳಿಸೋಕೆ ಅತ್ತೆ ಒಬ್ಬಳೇ ಹೋಗಿ ಬರ್ತಿದ್ದಳು, ಡಾಕ್ಟರು ಮಾವನ ಮುಖ ನೋಡದೆಯೇ ಚೀಟಿ ಬರೀತಿದ್ದರು.

ಸರ್ಟಿಫಿಕೇಟು ಐದು ವರ್ಷಕ್ಕೆ ಮಾತ್ರ. 2028ರಲ್ಲಿ ಮತ್ತೆ ಪರೀಕ್ಷೆ. ಮೊನ್ನೆ ಹೋದಾಗ ನೋಡಿದೆ, ಸೀರೆ ಡಬ್ಬಿ ತುಂಬಿದೆ ಅಂತ ಅತ್ತೆ ಬಿಸ್ಕೀಟಿನ ತಗಡಿನ ಡಬ್ಬಿ ಒಂದನ್ನು ಖಾಲಿ ಮಾಡಿ, ಹೊಸ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಾಳೆ. ಇಲಿ ಹೋಗೋದಿಲ್ಲವಂತೆ.