ಹೆದೆ ಇಳಿಸದ ಬಿಲ್ಲು

ಮುಂಗಾರು ಹತ್ತಿರವಾದಂತೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬರುತ್ತದೆ: ನೆರೆ ಎದುರಿಸಲು ಇಷ್ಟು ರಬ್ಬರ್ ದೋಣಿ, ಇಷ್ಟು ಔಟ್‌ಬೋರ್ಡ್ ಎಂಜಿನ್ ಸಿದ್ಧ. ಬೆಳಗಿನ ಕಾಫಿಯ ಹೊತ್ತಿಗೆ ಇದನ್ನು ಓದಿದವರಿಗೆ ನೆಮ್ಮದಿಯಾಗಬೇಕು, ನನಗೆ ಕಿರಿಕಿರಿಯಾಗುತ್ತದೆ. ಎಷ್ಟಿವೆ ಎಂಬ ಲೆಕ್ಕ ಸಿಗುತ್ತದೆ, ಕೊನೆಯ ಸಲ ಯಾವಾಗ ಸ್ಟಾರ್ಟ್ ಆದವು ಎಂಬುದು ಸಿಗುವುದಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಊರುಗಳಿಗೆ 2019ರ ಆಗಸ್ಟ್‌ನಲ್ಲಿ ನುಗ್ಗಿದಂಥ ನೆರೆ ಪ್ರತಿ ವರ್ಷ ಬರುವುದಿಲ್ಲ. ಹಾಗಾಗಿ ರಕ್ಷಣಾ ದೋಣಿಯ ಎಂಜಿನ್ನಿನ ಆಯುಸ್ಸಿನ ಬಹುಪಾಲು ಉಗ್ರಾಣದಲ್ಲೇ ಕಳೆಯುತ್ತದೆ. ದುಡಿದು ಸವೆಯುವುದಕ್ಕಿಂತ ಸುಮ್ಮನೆ ನಿಂತು ಕೆಡುವುದೇ ಅದಕ್ಕೆ ಹೆಚ್ಚು ಎಂಬುದು ನನ್ನ ವಾದ.

ಕಾರಣ ಎಂಜಿನ್ನಿನ ಒಳಗೇ ಇದೆ. ಶುದ್ಧ ನೀರಿನಲ್ಲಿ ತೊಳೆಯಬೇಕು, ನೆಟ್ಟಗೆ ನಿಲ್ಲಿಸಬೇಕು, ಗೇರ್ ಆಯಿಲ್ ಬೆಳ್ಳಗೆ ಕದಡಿದ್ದರೆ ನೀರು ಹೊಕ್ಕಿದೆ ಎಂದು ತಿಳಿದು ಸೀಲ್ ನೋಡಿಸಬೇಕು. ಇಷ್ಟನ್ನು ಯಾವ ಮೆಕ್ಯಾನಿಕ್ ಆದರೂ ಹೇಳುತ್ತಾನೆ. ಕಣ್ಣಿಗೆ ಬೀಳದೆ ಕೆಡುವುದು ಇಂಪೆಲ್ಲರ್. ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ತಾನಿರುವ ಹೊಳೆಯ ನೀರನ್ನೇ ಎಳೆದು ಮೈ ತಣಿಸಿಕೊಳ್ಳುತ್ತದೆ. ಎಳೆದುಕೊಡುವುದು ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಚಕ್ರ. ಅದರ ರೆಕ್ಕೆಗಳು ಗೂಡಿನೊಳಗೆ ಬಾಗಿಕೊಂಡೇ ಕೂತಿರುತ್ತವೆ. ತಿಂಗಳುಗಟ್ಟಲೆ ತಿರುಗದಿದ್ದರೆ ಹಾಗೇ ಸೆಟೆದುಕೊಳ್ಳುತ್ತವೆ. ಎಂಜಿನ್ ಚಾಲೂ ಆದಾಗ ಪಕ್ಕದ ಸಣ್ಣ ರಂಧ್ರದಿಂದ ನೀರಿನ ಧಾರೆ ಚಿಮ್ಮಿದರೆ ಚಕ್ರ ಬದುಕಿದೆ ಎಂದರ್ಥ. ಧಾರೆ ಬಾರದಿದ್ದರೆ ಎಂಜಿನ್ ಬೇಗನೆ ಕಾದು ಕೈಕೊಡುತ್ತದೆ. ಆ ಧಾರೆಯನ್ನು ಕಣ್ಣಾರೆ ಕಾಣದೆ ದಾಸ್ತಾನು ಪುಸ್ತಕದಲ್ಲಿ ‘ಸುಸ್ಥಿತಿ’ ಎಂದು ಬರೆಯಲೇಬಾರದು.

ಇನ್ನು ಪೆಟ್ರೋಲ್. ಈ ವಿಷಯದಲ್ಲಿ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಕಬ್ಬಿನಿಂದಲೂ ಆಗುವ ಎಥೆನಾಲಿನ ಮೇಲೆ ನನಗೆ ಮುನಿಸಿಲ್ಲ. ದಿನವೂ ಓಡುವ ಬೈಕಿನಲ್ಲಿ ಅದು ಕೆಡುವ ಮೊದಲೇ ಖರ್ಚಾಗುತ್ತದೆ. ಆದರೆ ಎಥೆನಾಲ್ ತೇವ ಹೀರುತ್ತದೆ. ಅರ್ಧ ತುಂಬಿದ ಟ್ಯಾಂಕು ಮಳೆಗಾಲದ ಗಾಳಿಯಲ್ಲಿ ಕೂತರೆ ನೀರಿನಂಶ ಏರುತ್ತದೆ. ಮಿತಿ ಮೀರಿದಾಗ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಇಂಧನ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ! ಕಾರ್ಬ್ಯುರೇಟರಿನಲ್ಲಿ ಉಳಿದ ಹನಿಗಳು ಆವಿಯಾಗಿ ಅಂಟು ಬಿಟ್ಟುಹೋಗುತ್ತವೆ. ಕೂದಲೆಳೆಯ ತೂತಿನ ಜೆಟ್ ಮುಚ್ಚಲು ಅಷ್ಟು ಸಾಕು. ಆಮೇಲೆ ತೋಳು ಸೋಲುವವರೆಗೆ ಹಗ್ಗ ಎಳೆದರೂ ಎಂಜಿನ್ ಕೆಮ್ಮುವುದಿಲ್ಲ. ಕಾರ್ಬ್ಯುರೇಟರ್ ಇರುವ ಎಂಜಿನ್ನನ್ನು ಒಳಗಿಡುವ ಮುನ್ನ ಪೆಟ್ರೋಲ್ ಪೈಪ್ ಕಳಚಿ, ಉಳಿದದ್ದು ಉರಿದು ತಾನಾಗಿ ನಿಲ್ಲುವವರೆಗೆ ನೀರಿನಲ್ಲಿ ಓಡಿಸಬೇಕು. ಖರ್ಚಿಲ್ಲದ ಈ ಕೆಲಸ ಎಷ್ಟೋ ಜೀವ ಉಳಿಸಬಲ್ಲದು.

ಆಯುಧ ಎತ್ತಿಡುವ ಮಾತು ಬಂದಾಗ ನಮ್ಮವರಿಗೆ ಬನ್ನಿ ಮರ ನೆನಪಾಗುತ್ತದೆ. ಅದಕ್ಕೂ ಮೊದಲು ನಡೆದದ್ದು ಮಾತ್ರ ಮರೆತಿದೆ. ವ್ಯಾಸಭಾರತದ ವಿರಾಟಪರ್ವದಲ್ಲಿ ನಕುಲ ಮರ ಹತ್ತಿ ಬಿಲ್ಲುಗಳನ್ನು ಕಟ್ಟುವ ಮುನ್ನ ಪಾಂಡವರು ಒಬ್ಬೊಬ್ಬರಾಗಿ ತಮ್ಮ ಬಿಲ್ಲಿನ ಹೆದೆ ಇಳಿಸುತ್ತಾರೆ. ಬಿಗಿದಿಟ್ಟ ಬಿಲ್ಲು ಬಿಗಿತದಲ್ಲೇ ಕಸುವು ಕಳೆದುಕೊಳ್ಳುತ್ತದೆ ಎಂಬುದು ಬಿಲ್ಲು ಹಿಡಿದವರಿಗೆ ಗೊತ್ತು. ಎತ್ತಿಡುವುದೂ ಒಂದು ಕೆಲಸವೇ ಎಂಬ ಈ ಅರಿವು ನಮಗೆ ಬೇಕು. ಆಯುಧಪೂಜೆಯ ದಿನ ಎಂಜಿನ್ನಿಗೆ ಕುಂಕುಮ ಹಚ್ಚುವುದರ ಜೊತೆಗೆ ಹತ್ತು ನಿಮಿಷ ಓಡಿಸುವುದೂ ಸೇರಿದರೆ ಪೂಜೆ ಪೂರ್ಣವಾಗುತ್ತದೆ.

ಹಾಗಾದರೆ ಇಂಧನ ಬರಿದು ಮಾಡಿ, ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎಣ್ಣೆ ಸಿಂಪಡಿಸಿ ಪೂರ್ತಿ ಮಲಗಿಸಿಬಿಡಬಹುದಲ್ಲ ಎನ್ನಬಹುದು. ವಿಹಾರದ ದೋಣಿಗೆ ಅದೇ ಸರಿ. ಅದರ ಋತು ಗೊತ್ತಿರುತ್ತದೆ. ರಕ್ಷಣಾ ದೋಣಿಗೆ ನಡುರಾತ್ರಿ ಕರೆ ಬರುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಹೊಸ ಪೆಟ್ರೋಲಿನಲ್ಲಿ ಓಟ ಬೇಕು. ಪೂರ್ತಿ ಮಲಗಿಸದೆ, ಪೂರ್ತಿ ಎಚ್ಚರವಾಗಿಯೂ ಇಡದೆ ಬಿಡುವುದೇ ಎಲ್ಲಕ್ಕಿಂತ ಕೆಟ್ಟದ್ದು. ಓಡಿಸಿದರೆ ಸವೆಯುತ್ತದೆ, ಇಂಧನ ದಂಡ ಎಂಬ ಆಕ್ಷೇಪಕ್ಕೆ 2018ರ ಕೇರಳವೇ ಉತ್ತರ. ಲಾರಿಗಳಲ್ಲಿ ದೋಣಿ ಹೇರಿಕೊಂಡು ಒಳನಾಡಿಗೆ ಧಾವಿಸಿ ಸಾವಿರಾರು ಜನರನ್ನು ಉಳಿಸಿದ ಮೀನುಗಾರರು ತಂದದ್ದು ದಿನನಿತ್ಯ ದುಡಿಯುವ ಎಂಜಿನ್ನುಗಳನ್ನು. ಹಾಗಿದ್ದರೆ ನಾವೂ ಮೀನುಗಾರರನ್ನೇ ಕರೆಯೋಣ ಎಂದರೆ, ಮಲ್ಪೆಯ ದೋಣಿ ಘಟ್ಟ ಹತ್ತಿ ಜಮಖಂಡಿ ಮುಟ್ಟುವಷ್ಟರಲ್ಲಿ ನೀರು ಸೂರು ಮುಟ್ಟಿರುತ್ತದೆ.

ತಿಂಗಳ ಆ ಓಟದಿಂದ ಉಳಿಯುವುದು ಎಂಜಿನ್ ಒಂದೇ ಅಲ್ಲ. ಔಟ್‌ಬೋರ್ಡಿನ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಮುಟ್ಟದ ಕೈ ಸೆಳವಿನ ನಡುವೆ ತಪ್ಪು ದಿಕ್ಕಿಗೆ ಹೋಗುತ್ತದೆ. ಡ್ರಮ್ಮಿನ ನೀರಿನಲ್ಲಿ ಓಡಿಸಿದರೆ ಯಂತ್ರ ಉಳಿದೀತು, ಕೈ ಪಳಗದು. ಆದ್ದರಿಂದ ಓಟ ಹೊಳೆಯಲ್ಲೇ ನಡೆಯಲಿ. ಹಿಡಿಯುವ ಕೈಗಳಲ್ಲಿ ಹರಿಗೋಲು ಹಾಕುವ ಅಂಬಿಗರದೂ ಇರಲಿ. ಸುಳಿ ಎಲ್ಲಿ, ಮುಳುಗಿದ ಬೇಲಿ ಎಲ್ಲಿ, ಯಾವ ಓಣಿಯಲ್ಲಿ ಸೆಳವು ಹೆಚ್ಚು ಎಂಬುದನ್ನು ಅವರು ನೀರಿನ ಮೇಲ್ಮೈ ನೋಡಿಯೇ ಹೇಳಬಲ್ಲರು. ಮುಂದಿನ ಸಿದ್ಧತೆಯ ಪಟ್ಟಿಯಲ್ಲಿ ದೋಣಿ, ಎಂಜಿನ್ನುಗಳ ಜೊತೆಗೆ ಅವರ ಹೆಸರುಗಳೂ ಇರಬೇಕು, ಅವರಿಗೊಂದು ಗೌರವದ ಸಂಭಾವನೆಯೂ ಇರಬೇಕು.