ಎಣಿಕೆಗೆ ಬಾರದ ಎದುರಾಳಿ

ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಮಿತ್ರರು ಕೇಳಿದಾಗ, ನಾವು ಗಡಿನಾಡ ಕನ್ನಡದ ಸ್ಥಿತಿಗತಿಯನ್ನು ಕುರಿತು ಬರೆಯುವೆವೆಂದೇ ಅವರು ಭಾವಿಸಿರಬೇಕು. ಆದರೆ ಕಳೆದ ಒಂದೂವರೆ ವರ್ಷದಲ್ಲಿ ನಮ್ಮ ಮನಸ್ಸನ್ನು ಕಲಕಿದ ಸಂಗತಿ ಬೇರೆ. ನಮ್ಮ ಮೊಮ್ಮಗಳು ಕರಾಟೆಯನ್ನು ಬಿಟ್ಟು ಕಿಕ್‌ಬಾಕ್ಸಿಂಗ್ ಸೇರಿದಳು. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ಓದುಗರು ಕೇಳಬಹುದು. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ನಮ್ಮನ್ನೇ ಅವಳ ಆ ನಿರ್ಧಾರವು ಪರೀಕ್ಷೆಗೆ ಕೂರಿಸಿತೆಂಬುದೇ ನಮ್ಮ ಉತ್ತರ.

ನಾವು ತಾಳವಾಡಿ ಬೆಟ್ಟಸೀಮೆಯ ಗುಮಟಾಪುರದವರು. ಮಗನ ಸಂಸಾರ ಮೈಸೂರಿನಲ್ಲಿದೆ. ಮೊಮ್ಮಗಳು ಎಂಟನೆಯ ವಯಸ್ಸಿನಿಂದ ಅಲ್ಲಿ ಕರಾಟೆ ಕಲಿತಳು. ರಜೆಗೆ ಊರಿಗೆ ಬಂದಾಗಲೆಲ್ಲ ಅಂಗಳದಲ್ಲಿ ನಿಂತು ಕಟಾ ಮಾಡಿ ತೋರಿಸುತ್ತಿದ್ದಳು. ಕಟಾ ಎಂದರೆ ಕಲ್ಪನೆಯ ಶತ್ರುವಿನೊಡನೆ ಗೊತ್ತಾದ ಕ್ರಮದಲ್ಲಿ ಹೋರಾಡುವ ಹೊಡೆತ, ತಡೆ, ಹೆಜ್ಜೆಗಳ ಸರಣಿ. ಇಚಿ, ನಿ, ಸಾನ್ ಎಂದು ಎಣಿಸುತ್ತ ಅವಳು ತಿರುಗುವ ಅಂದವನ್ನು ನೋಡುವಾಗ ನಮ್ಮೊಳಗಿನ ಹೆಡ್‌ಮಾಸ್ಟರು ಹಿಗ್ಗುತ್ತಿದ್ದರು. ದುಂಡಗಿನ ಅಕ್ಷರದ ಕಾಪಿಪುಸ್ತಕವನ್ನು ಕಂಡಾಗ ಆಗುತ್ತಿದ್ದ ಸಂತೋಷವೇ ಅದು.

ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಪಂದ್ಯಾವಳಿಯಲ್ಲಿ ಕಟಾಕ್ಕೆ ಚಿನ್ನದ ಪದಕ ಬಂದಿತು. ಅದೇ ದಿನ ಮಧ್ಯಾಹ್ನ ಕುಮಿಟೆಯಲ್ಲಿ, ಅಂದರೆ ಎದುರಾಳಿಯೊಡನೆ ನಿಜವಾಗಿ ಸೆಣಸುವ ವಿಭಾಗದಲ್ಲಿ, ಮೊದಲ ಸುತ್ತಿನಲ್ಲಿಯೇ ಒಂದು ಅಂಕವನ್ನೂ ಪಡೆಯದೆ ಸೋತಳು. ರಾತ್ರಿ ಫೋನಿನಲ್ಲಿ ಅವಳೆಂದ ಮಾತು ಇದು: "ತಾತ, ಎದುರಿಗಿದ್ದವಳು ಎಣಿಕೆ ಪ್ರಕಾರ ಬರಲೇ ಇಲ್ಲ."

ಅವಳ ತರಗತಿಯಲ್ಲಿ ನಲವತ್ತು ಮಕ್ಕಳು, ಒಬ್ಬರೇ ಮಾಸ್ತರು. ವಾರಕ್ಕೊಮ್ಮೆ ಸರದಿಯ ಮೇಲೆ ಎರಡು ನಿಮಿಷ ಸ್ಪಾರಿಂಗ್ ದೊರೆತರೆ ಅದೇ ಹೆಚ್ಚು. ಕಿಕ್‌ಬಾಕ್ಸಿಂಗ್ ತರಗತಿಯಲ್ಲಾದರೆ ಪ್ರತಿದಿನವೂ ಜೋಡಿಯೊಡನೆ ಅಭ್ಯಾಸವಿದೆಯೆಂದೂ ತಾನು ಅಲ್ಲಿಗೆ ಸೇರುವೆನೆಂದೂ ಅವಳು ಹಟ ಹಿಡಿದಳು. ನಮ್ಮ ಮನೆಯವರು, "ಹೆಣ್ಣುಮಗು ಮೂಗು ಮುರ್ಕೊಂಡ್ರೆ ಏನು ಗತಿ?" ಎಂದು ಗೋಳಾಡಿದರು. ನಾವಾದರೋ ನೀತಿಬೋಧೆಗೆ ಹೊರಟೆವು. ಟೋಕಿಯೊ ಒಲಿಂಪಿಕ್ಸ್‌ನ ಕರಾಟೆಯ ಒಂದು ಫೈನಲ್ ಪಂದ್ಯ, 2021ರ ಆಗಸ್ಟ್ 7ರಂದು ನಡೆದದ್ದು, ನಮಗೆ ನೆನಪಿತ್ತು. ಸೌದಿ ಅರೇಬಿಯಾದ ತಾರೆಗ್ ಹಮೀದಿ ಮುಂದಿದ್ದರು. ಅವರ ಒದೆತ ತಲೆಗೆ ಬಲವಾಗಿ ತಗುಲಿ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಮಿತಿಮೀರಿ ಹೊಡೆದವರು ಅನರ್ಹರಾದರು. ಬಿದ್ದವರಿಗೆ ಚಿನ್ನ ದೊರೆಯಿತು. "ನೋಡಿದೆಯಾ ಮಗು, ಕರಾಟೆಯ ಸಾರ ಸಂಯಮ" ಎಂದೆವು.

ಅವಳು ತಡಮಾಡದೆ ಹೇಳಿದಳು: "ಸಂಯಮ ಬೇಡ ಅಂತ ನಾನೆಲ್ಲಿ ಅಂದೆ ತಾತ? ಎದುರಿಗೆ ಒಬ್ಬರು ನಿಂತರೆ ತಾನೇ ಸಂಯಮ ಕಲಿಯೋದು? ಗಾಳಿಗೆ ಹೊಡೆಯೋವಾಗ ಯಾರ ಮೇಲೆ ಸಂಯಮ?"

ಉತ್ತರ ತೋಚದಿದ್ದಾಗ ಪುಸ್ತಕ ತೆರೆಯುವುದು ನಮ್ಮ ವೃತ್ತಿಯವರ ಚಾಳಿ. ನಾವೂ ಹುಡುಕಿ ಓದಿದೆವು. ಒಕಿನಾವಾ ದ್ವೀಪದ ಕರಾಟೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲೆಗಳಿಗೆ ತಂದವರು ಇಟೊಸು ಆಂಕೊ. ಮಕ್ಕಳಿಗೆಂದು ಐದು ಸುಲಭ ಕಟಾಗಳನ್ನು ಅಳವಡಿಸಿದವರೂ ಅವರೇ. 1922ರಲ್ಲಿ ಟೋಕಿಯೊದಲ್ಲಿ ಅದನ್ನು ಪ್ರದರ್ಶಿಸಿ ಹೆಸರಾದ ಫುನಾಕೊಶಿ ಗಿಚಿನ್ ವೃತ್ತಿಯಿಂದ ಶಾಲಾ ಶಿಕ್ಷಕರು. ಕಟಾವೇ ಮೊದಲೆಂದು ನಂಬಿದವರು. ಸಾಲಾಗಿ ನಿಲ್ಲಿಸುವುದು, ಎಣಿಸುವುದು, ಒಟ್ಟಿಗೆ ಮಾಡಿಸುವುದು ಎಲ್ಲವೂ ನಮ್ಮ ಕುಲದವರ ಕೈಗುರುತೇ ಎಂದು ಅನಿಸಿ ನಗು ಬಂದಿತು. ಆದರೆ ಕರಾಟೆ ಪಂದ್ಯಗಳಲ್ಲಿ ನೇರವಾಗಿ ಹೊಡೆಯುವಂತಿಲ್ಲವೆಂಬ ಅತೃಪ್ತಿ ಜಪಾನಿನಲ್ಲಿಯೇ ಇತ್ತು. ಯಮಾದ ತತ್ಸುಓ ಎಂಬ ಕರಾಟೆ ಗುರುಗಳು 1959ರಲ್ಲಿಯೇ ಥಾಯ್ ಮಲ್ಲರ ಹೋರಾಟದತ್ತ ಆಸಕ್ತರಾದದ್ದು ಇದೇ ಕಾರಣದಿಂದ. 1966ರಲ್ಲಿ ನೊಗುಚಿ ಒಸಾಮು ಅವರು ಹೊಸ ಆಟಕ್ಕೆ ಕಿಕ್‌ಬಾಕ್ಸಿಂಗ್ ಎಂಬ ಹೆಸರನ್ನೂ ರೂಪವನ್ನೂ ಕೊಟ್ಟರು. ಅಲ್ಲಿಗೆ ನಮ್ಮ ಮೊಮ್ಮಗಳ ದೂರು ಅರವತ್ತು ವರ್ಷ ಹಳೆಯದು!

ನಮ್ಮಲ್ಲಿಯೂ ಈ ತಿಳಿವಳಿಕೆ ಇಲ್ಲದಿರಲಿಲ್ಲ. ಗರಡಿಯಲ್ಲಿ ದಂಡ, ಬಸ್ಕಿ ಹೊಡೆದು ಮೈಬೆಳೆಸಿದವನನ್ನು ಯಾರೂ ಪೈಲ್ವಾನನೆನ್ನುವುದಿಲ್ಲ. ಜೋಡಿಯೊಡನೆ ಮಟ್ಟಿಗೆ ಇಳಿದು ಪಟ್ಟು ಹಾಕಿದ ಮೇಲೆಯೇ ಆ ಹೆಸರು.

ಇಷ್ಟನ್ನು ಓದಿದ ಮೇಲೂ ನಮ್ಮನ್ನು ಬಾಧಿಸಿದ್ದು ಬೇರೊಂದು ನೆನಪು. ನಮ್ಮ ಸೀಮೆಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಕೆಲಸಕ್ಕೆ ಇಂಗ್ಲಿಷ್. ಇದನ್ನರಿತು ನಾವು ತಮಿಳು, ಇಂಗ್ಲಿಷ್ ಸಂಭಾಷಣೆಗಳನ್ನು ಬರೆಸಿ ಕಂಠಪಾಠ ಮಾಡಿಸುತ್ತಿದ್ದೆವು. ಒಬ್ಬ ಹುಡುಗ ಅವನ್ನೆಲ್ಲ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದನು. ಮುಂದೆ ಅವನು ಈರೋಡಿಗೆ ಸಂದರ್ಶನಕ್ಕೆ ಹೋಗಿ, ಬಾಯಿಬಿಡಲಾರದೆ ಹಿಂದಿರುಗಿದನು. ನಮ್ಮ ಮನೆಯ ಜಗಲಿಯ ಕೆಳಗೆ ನಿಂತು, "ಮೇಷ್ಟ್ರೇ, ನೀವು ಬರೆಸಿದ ಪ್ರಶ್ನೇನ ಅವರು ಕೇಳಲೇ ಇಲ್ಲ" ಎಂದನು. ಅವನ ಮಾತಿನಲ್ಲಿ ದೂರಿರಲಿಲ್ಲ. ನಾವು, "ನಿನಗೆ ಧೈರ್ಯ ಸಾಲದು" ಎಂದು ಗದರಿ ಕಳುಹಿಸಿದೆವು. ಅವನು ಮತ್ತೆಲ್ಲಿಗೂ ಅರ್ಜಿ ಹಾಕದೆ ಅಪ್ಪನ ಹೊಲಕ್ಕಿಳಿದನು. ಮೊಮ್ಮಗಳ ಮಾತು ಕಿವಿಗೆ ಬಿದ್ದ ರಾತ್ರಿ ಆ ಮಾತೂ ಜೊತೆಗೇ ಕೇಳಿಸಿತು. ಸಾಲದೆ ಬಂದದ್ದು ಅವನ ಧೈರ್ಯವಲ್ಲ, ನಾವು ಮಾಡಿಸಿದ ಅಭ್ಯಾಸ.

ಮಗನಿಗೆ ಒಪ್ಪಿಗೆ ತಿಳಿಸಿ, ತಿಂಗಳೆರಡು ಕಳೆದ ಮೇಲೆ ಮೈಸೂರಿಗೆ ಹೋಗಿ ಅವಳ ತರಗತಿಯನ್ನು ಕಣ್ಣಾರೆ ಕಂಡೆವು. ತಲೆಗೆ ಕವಚ, ಹಲ್ಲಿಗೆ ರಕ್ಷೆ, ಮೊಣಕಾಲ ಕೆಳಗೆ ಪ್ಯಾಡು, ಕೈಗೆ ದಪ್ಪ ಗ್ಲೌಸು. ಎರಡೆರಡು ನಿಮಿಷದ ಸುತ್ತುಗಳು. ಗೆಲ್ಲಲು ಅಲ್ಲ, ಕಲಿಯಲು ಹೊಡೆಯಿರಿ ಎಂದು ತರಬೇತುದಾರರು ಕೂಗುತ್ತಿದ್ದರು. ಮಕ್ಕಳ ತಲೆಗೆ ಬಲವಾದ ಏಟು ಬೀಳಬಾರದೆಂಬ ಕಟ್ಟುನಿಟ್ಟಿತ್ತು. ತಲೆ ಸುತ್ತಿತೆಂದರೆ ಅಂದಿನ ಆಟ ಅಲ್ಲಿಗೇ ಮುಗಿಯಿತು, ಮುಂದಿನದು ವೈದ್ಯರ ಮಾತು. ಇದನ್ನು ಕೇಳಿಯೇ ನಮ್ಮ ಎದೆ ತಣ್ಣಗಾಯಿತು. ಈ ಎಚ್ಚರವಿಲ್ಲದ ಕಡೆಗೆ ಮಕ್ಕಳನ್ನು ಕಳುಹಿಸಬಾರದೆಂದು ತಂದೆತಾಯಂದಿರಿಗೆ ನಾವು ಒತ್ತಿ ಹೇಳುವೆವು.

ಅಂದು ಅವಳು ಸಾಕಷ್ಟು ಏಟು ತಿಂದಳು. ಕಟಾದಲ್ಲಿ ಒಂದು ಕೈಯಿಂದ ಗುದ್ದುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವುದು ನಿಯಮ. ಏಳು ವರ್ಷದ ಆ ರೂಢಿಯಿಂದ ಅವಳ ಕೆನ್ನೆ ಬಯಲಾಗುತ್ತಿತ್ತು. ಎದುರಾಳಿ ಹುಡುಗಿಯ ಗ್ಲೌಸು ಅಲ್ಲಿಯೇ ಬಂದು ತಟ್ಟುತ್ತಿತ್ತು. ಹಾಗೆಂದು ಕಲಿತದ್ದೆಲ್ಲ ವ್ಯರ್ಥವಾಗಲಿಲ್ಲ. ಅವಳ ನೇರ ಒದೆತಕ್ಕೆ ಅಲ್ಲಿ ಯಾರೂ ಹತ್ತಿರ ಬರಲಾರರು. ಹೆಜ್ಜೆಯ ಸಮತೋಲ, ದೂರದ ಅಂದಾಜು ಎರಡೂ ಕಟಾ ಕೊಟ್ಟ ಸಂಪತ್ತು. ಸುತ್ತು ಮುಗಿದಾಗ ಅವಳು ಅಭ್ಯಾಸಬಲದಿಂದ ಬಾಗಿ ವಂದಿಸಿದಳು. ಎದುರಿನ ಹುಡುಗಿ ಒಂದು ಕ್ಷಣ ತಬ್ಬಿಬ್ಬಾಗಿ, ತಾನೂ ಬಾಗಿದಳು.

ಆ ವರ್ಷ ಅವರೆಲ್ಲ ದೀಪಾವಳಿಗೆ ಊರಿಗೆ ಬಂದರು. ಬಲಿಪಾಡ್ಯಮಿಯ ಮರುದಿನ ನಮ್ಮೂರ ಬೀರೇಶ್ವರನ ಸನ್ನಿಧಿಯಲ್ಲಿ ಗೊರೆಹಬ್ಬ. ಗಂಡಸರು ಸಗಣಿಯ ರಾಶಿಗಿಳಿದು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುವ ಈ ಹಬ್ಬವನ್ನು ನೋಡಲು ದೂರದೂರದವರು ಬರುತ್ತಾರೆ. ಹರೆಯದಲ್ಲಿ ನಾವೂ ಎಸೆದವರೇ, ತಿಂದವರೇ. ಎಸೆಯುವವನಿಗೆ ಎದುರಿನವನ ಮೇಲೆ ನಂಬಿಕೆಯಿಲ್ಲದಿದ್ದರೆ ಆ ಆಟ ಜಗಳವಾಗಲು ಒಂದು ಗಳಿಗೆ ಸಾಕು. ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು, "ತಾತ, ಚಿಕ್ಕಪ್ಪ ಎಸೆಯೋವಾಗ ಪಕ್ಕೆ ಪೂರ್ತಿ ಬಿಟ್ಟುಬಿಡ್ತಾರೆ" ಎಂದಳು. ಅಷ್ಟರಲ್ಲಿಯೇ ಚಿಕ್ಕಪ್ಪನ ಪಕ್ಕೆಗೆ ಉಂಡೆ ಬಿದ್ದಿತು.

ಈಗ ಭಾನುವಾರಗಳಂದು ನಮ್ಮ ಜಗಲಿಯ ಮೇಲೆ ಏಳೆಂಟು ಮಕ್ಕಳು ಸೇರುತ್ತಾರೆ. ಪುಸ್ತಕ ಮುಚ್ಚಿಟ್ಟು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತಾಡಬೇಕೆಂಬುದು ಕಟ್ಟಳೆ. ಒಬ್ಬರು ಬರೆಸದ ಪ್ರಶ್ನೆಯನ್ನು ಕೇಳುತ್ತಾರೆ, ಇನ್ನೊಬ್ಬರು ತಡವರಿಸುತ್ತಾರೆ, ಎಲ್ಲರೂ ನಗುತ್ತಾರೆ. ಆ ಹಳೆಯ ಶಿಷ್ಯನ ಮಗಳೂ ಬರುತ್ತಾಳೆ. ಅವಳನ್ನು ಬಿಡಲು ಬಂದ ದಿನ ಅವನಲ್ಲಿ ನಾವು ಒಂದು ಮಾತು ಹೇಳಬೇಕಾಗಿತ್ತು, ಹೇಳಿದೆವು. ಅವನು ತಲೆ ತಗ್ಗಿಸಿ, "ಬಿಡಿ ಮೇಷ್ಟ್ರೇ" ಎಂದು ಜಗಲಿಯ ಮೇಲೆ ಕುಳಿತನು. ಮಗಳು ಅಂದು ಮೂರು ಸಲ ತಪ್ಪಿದಳು, ನಾಲ್ಕನೆಯ ಸಲ ಉತ್ತರ ಕೊಟ್ಟಳು.