ಮಾರಿದ ತೋಟದ ಹಣ

ಪರಮ ದಯಾಮಯನೂ ಕರುಣಾನಿಧಿಯೂ ಆದ ಅಲ್ಲಾಹನ ನಾಮದಿಂದ.

ಮುಳಬಾಗಿಲಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅಸರ್ ನಮಾಝ್ ಮುಗಿಸಿ ಬಂದು ಕುಳಿತಾಗ ಅವಳ ಮಗ ಮೊಬೈಲನ್ನು ನನ್ನ ಮುಂದಿಟ್ಟ. ಅವನು ಬಿ.ಕಾಂ. ಮುಗಿಸಿ ನರಸಾಪುರದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಾನೆ.

“ಮಾಮೂ, ನನ್ನ ಖಾತೆಗೆ ಹದಿನೈದು ರೂಪಾಯಿ ಬಂದಿದೆ. ಇದು ಹಲಾಲೋ ಹರಾಮೋ ಹೇಳಿ.”

ಮೊದಲ ಸಂಬಳದಲ್ಲಿ ಅವನು ಬೆಂಗಳೂರಿನ ಪ್ರೆಸ್ಟೀಜ್ ಎಸ್ಟೇಟ್ಸ್ ಕಂಪೆನಿಯ ಹತ್ತು ಷೇರುಗಳನ್ನು ಕೊಂಡಿದ್ದನಂತೆ. ಕಂಪೆನಿ ಷೇರಿಗೆ 1.50 ರೂಪಾಯಿಯಂತೆ ಲಾಭಾಂಶ ಹಂಚಿತ್ತು. ಹದಿನೈದು ರೂಪಾಯಿಗೆ ಇಷ್ಟು ಚಿಂತೆಯೇ ಎಂದು ನಗಬಹುದಿತ್ತು. ಆದರೆ ಸಣ್ಣ ಮೊತ್ತದಲ್ಲಿ ಹಲಾಲ್ ಹುಡುಕುವವನಿಗೆ ಮಾತ್ರ ದೊಡ್ಡ ಮೊತ್ತದಲ್ಲಿ ಅದು ಸಿಗುತ್ತದೆ. ನಾನು ಮದ್ರಸಾದಲ್ಲಿ ಫಿಕ್ಹ್ ಓದಿದವನು. ಕಾಲೇಜಿನಲ್ಲಿ ಕನ್ನಡ ಓದಿದವನು. ಕಂಪೆನಿಯ ವಾರ್ಷಿಕ ವರದಿಯನ್ನು ಎಂದೂ ಬಿಡಿಸಿ ನೋಡಿದವನಲ್ಲ. “ಒಂದು ತಿಂಗಳು ಸಮಯ ಕೊಡು” ಎಂದೆ.

ಆ ಒಂದು ತಿಂಗಳಲ್ಲಿ ಕಲಿತದ್ದನ್ನು ಓದುಗರ ಮುಂದಿಡುತ್ತೇನೆ. ಕಲಿತದ್ದು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ರಝಾಕ್ ಸತ್ತಾರ್ ಅವರು 1986ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಪ್ರೆಸ್ಟೀಜ್ ಸಂಸ್ಥೆ 2010ರಲ್ಲಿ ಷೇರುಪೇಟೆಗೆ ಬಂತು. 2020ರ ಕೊನೆಯಲ್ಲಿ ಅದು ತನ್ನ ಹಲವು ಕಚೇರಿ ಕಟ್ಟಡಗಳನ್ನೂ ಮಾಲ್‌ಗಳನ್ನೂ ಹೋಟೆಲ್ ಆಸ್ತಿಯನ್ನೂ ಬ್ಲ್ಯಾಕ್‌ಸ್ಟೋನ್ ಎಂಬ ಅಮೆರಿಕದ ಹೂಡಿಕೆ ಸಂಸ್ಥೆಗೆ ಮಾರಲು ಒಪ್ಪಿತು. ಪತ್ರಿಕೆಗಳಲ್ಲಿ ಬಂದ ಮೌಲ್ಯ ಸುಮಾರು 9,160 ಕೋಟಿ ರೂಪಾಯಿ. ಇಷ್ಟೂ ಹಣ ಕೈಗೆ ಬರುತ್ತದೆಂದು ತಿಳಿಯಬಾರದು. ಅದು ಆಸ್ತಿಗಳ ಮೇಲಿನ ಸಾಲವನ್ನೂ ಒಳಗೊಂಡ ಮೌಲ್ಯ. ಕಂಪೆನಿ ಹೇಳಿದ ಉದ್ದೇಶ ಎರಡು: ಸಾಲದ ಹೊರೆ ಇಳಿಸುವುದು, ಹೊಸ ಯೋಜನೆಗಳಿಗೆ ಬಂಡವಾಳ ಒದಗಿಸುವುದು. ಇಷ್ಟು ದೊಡ್ಡ ಮಾರಾಟ ನಡೆದ 2020-21ರ ಸಾಲಿಗೂ ಷೇರುದಾರನಿಗೆ ಸಿಕ್ಕ ಲಾಭಾಂಶ ಷೇರಿಗೆ ಒಂದೂವರೆ ರೂಪಾಯಿಯೇ.

ಮೊದಲು ನನಗೆ ಇದು ಅನ್ಯಾಯವೆನಿಸಿತು. ಆಸ್ತಿ ಮಾರಿದ ಮೇಲೆ ಪಾಲುದಾರರಿಗೆ ಹಂಚಬೇಡವೇ? ಅಳಿಯ ತಿಳಿಹೇಳಿದ: “ಮಾಮೂ, ಮಾವಿನ ಮರ ಕಡಿದು ಸೌದೆ ಮಾರಿದ ಹಣವನ್ನು ಹಣ್ಣಿನ ದುಡ್ಡೆಂದು ಲೆಕ್ಕ ಬರೆಯುತ್ತಾರೆಯೇ?” ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಬೆಳೆದ ನನಗೆ ಬೇರೆ ಉದಾಹರಣೆ ಬೇಕಿರಲಿಲ್ಲ. ಲಾಭಾಂಶವೆಂದರೆ ಹಣ್ಣು, ಆಸ್ತಿಯೆಂದರೆ ಮರ. ಮರ ಮಾರಿದ ಹಣದಿಂದ ಸಾಲ ತೀರಿಸಬೇಕು ಅಥವಾ ಇನ್ನೊಂದು ಮರ ನೆಡಬೇಕು. ಎರಡೂ ಬೇಡವಾದರೆ ಒಡೆಯರಿಗೆ ಹೇಳಿ ಹಂಚಬೇಕು.

ಈ ಹಂಚಿಕೆಗೆ ಕಾನೂನಿನ ಕಟ್ಟುಪಾಡಿದೆ. 2013ರ ಕಂಪೆನಿ ಕಾಯ್ದೆಯ ಪ್ರಕಾರ ಲಾಭಾಂಶವನ್ನು ಲಾಭದಿಂದಲೇ ಕೊಡಬೇಕು. ಆಡಳಿತ ಮಂಡಳಿ ಶಿಫಾರಸು ಮಾಡಿದ್ದನ್ನು ಷೇರುದಾರರ ಸಭೆ ಒಪ್ಪಬೇಕು. ಘೋಷಿಸಿದ 30 ದಿನಗಳೊಳಗೆ ಪಾವತಿಸಬೇಕು. ಯಾರೂ ಪಡೆಯದೆ ಉಳಿದ ಮೊತ್ತವನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. 7 ವರ್ಷ ಕಳೆದರೆ ಅದು ಹೂಡಿಕೆದಾರರ ರಕ್ಷಣೆಯ ಸರ್ಕಾರಿ ನಿಧಿಗೆ ಸೇರುತ್ತದೆ, ಅಲ್ಲಿಂದಲೂ ಹಕ್ಕುದಾರನು ಕೇಳಿ ಪಡೆಯಬಹುದು. ಕಚೇರಿ ಕಟ್ಟಡಗಳ ಬಾಡಿಗೆಯ ಮೇಲೆ ನಡೆಯುವ ‘ರೀಟ್’ ಎಂಬ ಟ್ರಸ್ಟ್‌ಗಳ ಕಟ್ಟಳೆ ಇನ್ನೂ ಬಿಗಿ. ದೇಶದ ಮೊದಲ ರೀಟ್ ಆಗಿ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂದ ಎಂಬೆಸಿ ಆಫೀಸ್ ಪಾರ್ಕ್ಸ್ ಕೂಡ ಬೆಂಗಳೂರಿನದೇ. ಇಂಥ ಟ್ರಸ್ಟ್‌ಗಳು ಹಂಚಲು ಲಭ್ಯವಿರುವ ನಗದಿನ ಕನಿಷ್ಠ 90 ಶೇಕಡಾ ಹಂಚಲೇಬೇಕು. ಆಸ್ತಿ ಮಾರಿದರೆ ಒಂದು ವರ್ಷದೊಳಗೆ ಇನ್ನೊಂದು ಆಸ್ತಿಯಲ್ಲಿ ತೊಡಗಿಸುವ ಯೋಜನೆ ಇರಬೇಕು. ಇಲ್ಲದಿದ್ದರೆ ಆ ಹಣದ 90 ಶೇಕಡಾ ಹೂಡಿಕೆದಾರರಿಗೆ ಸೇರಬೇಕು.

ಇದನ್ನು ಓದುವಾಗ ನನಗೆ ಇಬ್ನು ಮಾಜಃರ ಸಂಗ್ರಹದಲ್ಲಿರುವ, ಸಈದ್ ಬಿನ್ ಹುರೈಸ್(ರ)ರಿಂದ ವರದಿಯಾದ ಹದೀಸ್ ನೆನಪಾಯಿತು. ಮನೆಯನ್ನೋ ಜಮೀನನ್ನೋ ಮಾರಿ, ಆ ಹಣವನ್ನು ಅಂಥದ್ದೇ ಇನ್ನೊಂದರಲ್ಲಿ ತೊಡಗಿಸದವನಿಗೆ ಅದರಲ್ಲಿ ಬರಕತ್ ದೊರೆಯುವುದಿಲ್ಲ ಎಂಬುದು ಅದರ ಸಾರ. ಇದರ ಸನದಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಇದರ ವಿವೇಕವನ್ನು ಕೋಲಾರ ಜಿಲ್ಲೆಯಲ್ಲಿ ಜಮೀನು ಮಾರಿದ ಪ್ರತಿಯೊಂದು ಮನೆಯೂ ಬಲ್ಲದು. ಖೈಬರಿನ ಜಮೀನಿನ ವಿಷಯದಲ್ಲಿ ಉಮರ್(ರ) ಸಲಹೆ ಕೇಳಿದಾಗ, ಮೂಲವನ್ನು ಉಳಿಸಿ ಫಲವನ್ನು ದಾನ ಮಾಡುವಂತೆ ಪ್ರವಾದಿ(ಸ) ಸೂಚಿಸಿದರು. ವಕ್ಫ್‌ನ ತಳಹದಿಯೇ ಅದು. ಮೂಲ ಬೇರೆ, ಫಲ ಬೇರೆ ಎಂಬ ಲೆಕ್ಕ ನಮಗೆ ಹೊಸದಲ್ಲ.

ಅಳಿಯನ ಪ್ರಶ್ನೆಗೆ ಉತ್ತರ ಹೀಗಿತ್ತು. ಮನೆ ಕಟ್ಟಿ ಮಾರುವುದು, ಬಾಡಿಗೆಗೆ ಕೊಡುವುದು ಸ್ವತಃ ಧರ್ಮಬದ್ಧ ವ್ಯಾಪಾರ. ತೊಡಕಿರುವುದು ಬಡ್ಡಿ ಸಾಲದಲ್ಲಿ ಮತ್ತು ಇತರ ಆದಾಯದಲ್ಲಿ. ಕೆಲವು ವಿದ್ವಾಂಸರು ಬಡ್ಡಿಯ ಸಾಲವಿರುವ ಕಂಪೆನಿಯ ಷೇರೇ ಸಲ್ಲದೆನ್ನುತ್ತಾರೆ. ಬಹ್ರೈನ್‌ನ ಆವೋಫಿ ಸಂಸ್ಥೆಯ ಮಾನದಂಡ ಷರತ್ತುಗಳೊಂದಿಗೆ ಅವಕಾಶ ಕೊಡುತ್ತದೆ: ಬಡ್ಡಿಯ ಸಾಲ ಕಂಪೆನಿಯ ಮಾರುಕಟ್ಟೆ ಮೌಲ್ಯದ 30 ಶೇಕಡಾ ಮೀರಬಾರದು, ನಿಷಿದ್ಧ ಆದಾಯ 5 ಶೇಕಡಾ ಮೀರಬಾರದು. ಆ ಮಿತಿಯೊಳಗಿದ್ದರೂ ಕಲ್ಮಷದ ಪಾಲನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕು. ಆದಾಯದ 3 ಶೇಕಡಾ ಅಂಥದ್ದಾಗಿದ್ದರೆ ಹದಿನೈದು ರೂಪಾಯಿಯಲ್ಲಿ 45 ಪೈಸೆ ಅವನದಲ್ಲ. ಆಸ್ತಿ ಮಾರಿ ಸಾಲ ತೀರಿಸಿದ ಕಂಪೆನಿ ಈ ಅಳತೆಗೆ ಹತ್ತಿರವಾಗುತ್ತದೆ. ಮಾರಿದ ಮೇಲೂ ಸಾಲ ಹೆಚ್ಚಿಸಿಕೊಂಡದ್ದು ದೂರವಾಗುತ್ತದೆ. ಆದ್ದರಿಂದ ಒಮ್ಮೆ ಕೇಳಿ ಸುಮ್ಮನಾಗುವ ಪ್ರಶ್ನೆ ಇದಲ್ಲ. “ಪ್ರತಿ ವರ್ಷ ಲೆಕ್ಕ ನೋಡು, ನಂಬಿಗಸ್ತ ಮುಫ್ತಿಯೊಬ್ಬರನ್ನು ಕೇಳು” ಎಂದೆ.

ಅವನು ತಲೆದೂಗಿದ. ಚಹಾ ತಂದಿಟ್ಟ ತಂಗಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ.

“ಹತ್ತು ಷೇರಿನವನಿಗೂ ಮಾರಿದ ಹಣ ಏನಾಯಿತೆಂದು ಪುಸ್ತಕ ಅಚ್ಚು ಹಾಕಿಸಿ ತಿಳಿಸುತ್ತಾರಾ ಭಾಯ್‌ಜಾನ್? ಅಬ್ಬಾ ಅವರ ತೋಟ ಮಾರಿದಾಗ ನನಗೆ ಯಾರೂ ಏನೂ ಹೇಳಲಿಲ್ಲವಲ್ಲ.”

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಅಬ್ಬಾ ಅವರ ತೋಟ ಶ್ರೀನಿವಾಸಪುರದ ಬಳಿ ಎರಡು ಎಕರೆ, ಅಂದರೆ 80 ಗುಂಟೆ. ಅವರು ತೀರಿಕೊಂಡ ಮರುವರ್ಷ ನಾನೂ ಅಣ್ಣನೂ ಅದನ್ನು ಮಾರಿದೆವು. ತಂಗಿಯನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದೆವು. “ನಿನ್ನ ಮದುವೆಗೆ ಖರ್ಚು ಮಾಡಿಲ್ಲವೇ” ಎಂದು ಅಣ್ಣ ಹೇಳಿದಾಗ ನಾನು ಸುಮ್ಮನಿದ್ದೆ. ಬಂದ ಹಣದಲ್ಲಿ ಮೊದಲು ಅಬ್ಬಾ ಅವರ ಬೆಳೆ ಸಾಲ ತೀರಿಸಿದೆವು. ಅದು ಸರಿ, ಮೃತರ ಸಾಲ ತೀರಿದ ಮೇಲೆಯೇ ವಾರಸುದಾರರ ಪಾಲು. ಉಳಿದ ಹಣದಲ್ಲಿ ಮಾಲೂರಿನಲ್ಲಿ ನಿವೇಶನ ಕೊಂಡು, ಕಾರ್ಖಾನೆಗಳಿಗೆ ಬರುವ ಕಾರ್ಮಿಕರಿಗೆ ಬಾಡಿಗೆ ಮನೆಗಳನ್ನು ಕಟ್ಟಿಸಿದೆವು. ಹದೀಸ್ ಹೇಳಿದಂತೆಯೇ ಮರ ಮಾರಿ ಮರ ನೆಟ್ಟಿದ್ದೆವು. ಪ್ರತಿ ತಿಂಗಳು ಬಾಡಿಗೆ ಬರುತ್ತಿತ್ತು. ಅದನ್ನು ನಾವಿಬ್ಬರೇ ಹಂಚಿಕೊಳ್ಳುತ್ತಿದ್ದೆವು.

ಮದ್ರಸಾದಲ್ಲಿ ಮಕ್ಕಳಿಗೆ ಸೂರಃ ಅನ್ನಿಸಾದ ವಾರಸು ಆಯತುಗಳನ್ನು ಕಲಿಸುವವನು ನಾನೇ. ಅಂದು ಕೋಲಾರಕ್ಕೆ ಮರಳುವ ಬಸ್ಸಿನಲ್ಲಿ ಟಿಕೆಟಿನ ಹಿಂಬದಿಯಲ್ಲಿ ಲೆಕ್ಕ ಬರೆದೆ. 80 ಗುಂಟೆಯಲ್ಲಿ ಅಮ್ಮಿಗೆ ಎಂಟನೆಯ ಒಂದು ಭಾಗ, 10 ಗುಂಟೆ. ಉಳಿದ 70ರಲ್ಲಿ ಗಂಡುಮಕ್ಕಳಿಗೆ ಎರಡೆರಡು ಪಾಲು, ಹೆಣ್ಣುಮಗಳಿಗೆ ಒಂದು: ಅಣ್ಣನಿಗೆ 28, ನನಗೆ 28, ತಂಗಿಗೆ 14. ಇಷ್ಟು ನಿಶ್ಶೇಷವಾಗಿ ಭಾಗವಾಗುವ ಲೆಕ್ಕವನ್ನು ನಾನು ಮಕ್ಕಳಿಗೂ ಕೊಟ್ಟಿರಲಿಲ್ಲ. ಒಬ್ಬರ ಸೊತ್ತು ಅವರ ಮನಸ್ಸಂತೋಷವಿಲ್ಲದೆ ಇನ್ನೊಬ್ಬರಿಗೆ ಹಲಾಲ್ ಅಲ್ಲವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಪತ್ರದ ಮೇಲೆ ಅವಳ ಸಹಿಯಿತ್ತು, ಸಂತೋಷವಿರಲಿಲ್ಲ. ಅದು ಅಂದೂ ನನಗೆ ಗೊತ್ತಿತ್ತು.

ಅಣ್ಣ ಸುಲಭವಾಗಿ ಒಪ್ಪಲಿಲ್ಲ. “ಮುಗಿದ ವಿಷಯವನ್ನು ಕೆದಕುತ್ತೀಯ” ಎಂದು ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟರು. ಕೊನೆಗೆ ಅಮ್ಮಿಯೇ ಅವರನ್ನು ಕೂರಿಸಿಕೊಂಡು, “ನನ್ನ 10 ಗುಂಟೆಯ ಲೆಕ್ಕವನ್ನೂ ನೀನು ನನಗೆ ಹೇಳಲಿಲ್ಲ, ಬೇಟಾ” ಎಂದರು. ಅಣ್ಣ ತಲೆ ತಗ್ಗಿಸಿದರು. ನನ್ನ ಉಸ್ತಾದರ ಬಳಿಗೆ ಎಲ್ಲರೂ ಹೋದೆವು. ಸಾಲ ಕಳೆದು ಉಳಿದ ಮೊತ್ತದಲ್ಲಿ ಅಮ್ಮಿಯ ಮತ್ತು ತಂಗಿಯ ಪಾಲನ್ನು ಗುರುತಿಸಿ, ಹಿಂದಿನ ಬಾಡಿಗೆಯ ಬಗ್ಗೆ ಪರಸ್ಪರ ಒಪ್ಪಿಗೆಯ ಸುಲ್ಹ್ ಮಾಡಿಕೊಂಡು, ಇಬ್ಬರು ಸಾಕ್ಷಿಗಳ ಮುಂದೆ ಬರೆದೆವು. ಅಮ್ಮಿಯ ಪಾಲಿನ ಬಾಡಿಗೆ ಈಗ ತಿಂಗಳು ತಿಂಗಳು ಅವರ ಕೈಗೇ ಹೋಗುತ್ತದೆ. ತಂಗಿಯ ಮೊತ್ತವನ್ನು ಕಂತುಗಳಲ್ಲಿ ಕೊಡುತ್ತಿದ್ದೇವೆ; ಎರಡು ಕಂತು ಬಾಕಿಯಿದೆ.

ಪ್ರಿಯ ಸಹೋದರರೇ, ಬೆಂಗಳೂರು ನಮ್ಮ ಕಡೆಗೆ ಬೆಳೆಯುತ್ತಿದೆ. ಮಾಲೂರಿನಲ್ಲಿ, ನರಸಾಪುರದಲ್ಲಿ ನಿನ್ನೆ ರಾಗಿ ಬೆಳೆದ ಹೊಲ ಇಂದು ಬಡಾವಣೆ. ನಮ್ಮ ಅನೇಕ ಮನೆಗಳಲ್ಲಿ ಜಮೀನು ಮಾರಾಟವಾಗಿದೆ, ಇನ್ನೂ ಆಗಲಿದೆ. ಕಂಪೆನಿಯವರು ಲೆಕ್ಕ ಒಪ್ಪಿಸುವುದು ಕಾನೂನಿನ ಭಯದಿಂದಿರಬಹುದು. ಅಲ್ಲಾಹನ ಭಯವಿದೆ ಎನ್ನುವ ನಾವು ಒಡಹುಟ್ಟಿದವಳಿಗೆ ಅಷ್ಟಾದರೂ ಒಪ್ಪಿಸಬೇಡವೇ? ಸಹಿ ಹಾಕಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟಕ್ಕೆ ಮಾರಿದೆವು, ಯಾವ ಸಾಲ ತೀರಿತು, ಉಳಿದದ್ದು ಎಷ್ಟು, ಯಾರ ಪಾಲು ಎಷ್ಟು, ಅದು ಈಗ ಎಲ್ಲಿದೆ ಎಂದು ಬರೆದು ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿ. ಆ ಮೇಲೆ ಅವರು ಮನಸಾರೆ ಬಿಟ್ಟುಕೊಟ್ಟರೆ ಅದು ಅವರ ಔದಾರ್ಯ.

ಕಳೆದ ಬಾರಿ ಹೋದಾಗ ಅಳಿಯ ತನ್ನ 45 ಪೈಸೆಯ ಲೆಕ್ಕ ಹೇಳಿದ. ಚಿಲ್ಲರೆ ಸಿಗದೆ ಹತ್ತು ರೂಪಾಯಿ ಕೊಟ್ಟನಂತೆ. ತಂಗಿ ಕಂತಿನ ಹಣವನ್ನು ಎಣಿಸಲಿಲ್ಲ. ನಾನೇ ಕೂರಿಸಿ ಎಣಿಸಿದೆ.

ಪರರ ಪಾಲು ಬೆರೆಯದ ಅನ್ನವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.